5 ರೂಪಾಯಿಗಿಂತ 2 ರೂಪಾಯಿ ಜಾಸ್ತಿ ಎನ್ನುವ ಮಗುವಿಗೆ

ಮಗಳಿಗೆ ಅಂಕಿ ಓದಲು ಬರುತ್ತದೆ. ಆದರೂ 5 ರೂಪಾಯಿಗಿಂತ 2 ರೂಪಾಯಿ ನಾಣ್ಯವೇ ಜಾಸ್ತಿ ಎನ್ನುತ್ತಿದ್ದಳು. ಹಳೆಯ ಸ್ಟೀಲ್ 2 ರೂಪಾಯಿ ಹಳದಿ 5ಕ್ಕಿಂತ ಅಗಲವೇ ಇದೆ, ಅಲ್ವಾ?

ಚಾರ್ಟ್, ಪ್ಲಾಸ್ಟಿಕ್ ನಾಣ್ಯ, ಬಾಯಿಪಾಠ, ಯಾವುದೂ ನಾಟಲಿಲ್ಲ.

ಕೆಲಸ ಮಾಡಿದ್ದು 1 ರೂಪಾಯಿ ನಾಣ್ಯಗಳ ಸಾಲು. ಎಲ್ಲ ಒಂದೇ ಅಳತೆಯವು ಇರಲಿ. 2ರ ಮುಂದೆ ಎರಡು, 5ರ ಮುಂದೆ ಐದು, ಒಂದಕ್ಕೊಂದು ತಾಗಿಸಿ ಮಗುವೇ ಜೋಡಿಸಬೇಕು. ಯಾವ ಸಾಲು ಉದ್ದ ಎಂದಷ್ಟೇ ಕೇಳಿ. ನೀವು ಉತ್ತರ ಹೇಳಬೇಡಿ. ಆಮೇಲೆ ಸಾಲು ತೆಗೆದು, ಬರೀ 2 ಮತ್ತು 5 ಇಟ್ಟು ಕೇಳಿ. ಅದು ಗಟ್ಟಿಯಾದ ಮೇಲೆಯೇ ಬೇರೆ ಬೇರೆ ವರ್ಷದ ನಾಣ್ಯ ಬೆರೆಸಿ.

10, 20 ಕೊನೆಗೆ. 10ಕ್ಕೆ ಹೊರಗಡೆ ಹಳದಿ ಬಳೆ. 20ಕ್ಕೆ ನಡುವೆ ಹಳದಿ, ಅಂಚಿಗೆ 12 ಮೂಲೆ. ಮೂಲೆಗಳನ್ನು ಬೆರಳಾಡಿಸಿ ಎಣಿಸಲಿ.