ಚಳಿಗೆ ಮೊದಲು ಕೋಳಿಗೂಡು ಅಳೆಯಿರಿ

ದೀಪಾವಳಿ ಮುಗಿದು ಮೂಡಣ ಗಾಳಿ ಶುರುವಾದ ಕೂಡಲೇ ಹಿತ್ತಲಿನ ಕೋಳಿಗೂಡುಗಳಿಗೆಲ್ಲ ಟಾರ್ಪಾಲ್ ಬರುತ್ತದೆ. ನಾಲ್ಕೂ ಕಡೆ ಬಿಗಿಯಾಗಿ ಸುತ್ತಿ, ಸಂದಿಗೆ ಗೋಣಿಚೀಲ ತುರುಕಿ, ಒಳಗೊಂದು ಬಲ್ಬ್ ನೇತುಹಾಕಿದರೆ ಕೋಳಿ ಬೆಚ್ಚಗಿರುತ್ತದೆ ಎಂಬ ಲೆಕ್ಕ. ಕೆಲವೇ ದಿನದಲ್ಲಿ ಮೂಗು ಸೋರಲು ಶುರು. ರಾತ್ರಿ ಗೂಡಿನಿಂದ ಗೊರಗೊರ ಸದ್ದು. ಆಗ ‘ಚಳಿ ತಡೀಲಿಲ್ಲ ಪಾಪ’ ಅಂತ ಮೇಲೆ ಇನ್ನೊಂದು ಚೀಲ ಹೊದಿಸುತ್ತಾರೆ!

ಬೆಳೆದ ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಪುಕ್ಕ ಉಬ್ಬಿಸಿಕೊಂಡು ಕೂತರೆ ಬೆಂಗಳೂರು, ಹಾಸನದ ಚಳಿ ಅದಕ್ಕೆ ದೊಡ್ಡದಲ್ಲ. ಬೀದರ್, ವಿಜಯಪುರದಲ್ಲಿ ರಾತ್ರಿ 10 ಡಿಗ್ರಿಗಿಂತ ಕೆಳಗಿಳಿದರೂ ಒಣಗಿದ ಜಾಗ, ಗಾಳಿ ನೇರ ಬಡಿಯದ ಮೂಲೆ ಇದ್ದರೆ ತಡೆದುಕೊಳ್ಳುತ್ತದೆ. ಅದಕ್ಕೆ ತಡೆಯಲಾಗದ್ದು ಇಕ್ಕಟ್ಟು ಮತ್ತು ತೇವ. ಹಿಮ ಬೀಳುವ ದೇಶದವರ ವಿಡಿಯೊ ನೋಡಿ ಹೀಟರ್ ಹುಡುಕಬೇಡಿ.

1. ಟೇಪು ಹಿಡಿದು ಅಳೆಯಿರಿ

ಬರೀ ರಾತ್ರಿ ಮಲಗುವುದಕ್ಕೆ ಕೋಳಿಗೆ ಒಂದೂವರೆ ಚದರಡಿ ಸಾಕು ಅನ್ನುತ್ತಾರೆ. ಬೇಸಿಗೆಗೆ ಸರಿ. ಡಿಸೆಂಬರ್‌ನಲ್ಲಿ ಸಂಜೆ ಆರಕ್ಕೇ ಗೂಡು ಸೇರುತ್ತವೆ. ಮಲೆನಾಡು, ಕೊಡಗಿನಲ್ಲಿ ಇಬ್ಬನಿ ಆರುವ ತನಕ, ಅಂದರೆ ಎಂಟೂವರೆ ಒಂಬತ್ತರವರೆಗೆ, ಹೊರಗೆ ಬಿಡುವ ಹಾಗಿಲ್ಲ. ಹದಿನಾಲ್ಕು ಹದಿನೈದು ಗಂಟೆ ಒಳಗೇ ಇರಬೇಕು. ಬೆಳಗಿನ ಕಾಳು, ನೀರು ಒಳಗೇ ಇಡಬೇಕು, ಅವಕ್ಕೂ ಜಾಗ ಬೇಕು. ಹಾಗಾಗಿ ನಾಟಿ ಕೋಳಿಗೆ 3 ಚದರಡಿ, ಮೈ ತುಂಬಿಕೊಂಡ ಗಿರಿರಾಜ ತಳಿಯ ಕೋಳಿಗೆ 4 ಚದರಡಿ ಇಟ್ಟುಕೊಳ್ಳಿ. ಹತ್ತು ನಾಟಿ ಕೋಳಿಗೆ 6 ಅಡಿ ಉದ್ದ, 5 ಅಡಿ ಅಗಲ. ಇದರಲ್ಲಿ ಚೌಕಾಸಿ ಇಲ್ಲ.

ಆನ್‌ಲೈನಿನಲ್ಲಿ ‘12 ಕೋಳಿಗೆ’ ಅಂತ ಮಾರುವ ರೆಡಿಮೇಡ್ ಗೂಡುಗಳ ಅಳತೆಯನ್ನು ಒಮ್ಮೆ ಗುಣಿಸಿ ನೋಡಿ. 4 ಅಡಿಗೆ 3 ಅಡಿ ಇದ್ದರೆ ಅದು 12 ಚದರಡಿ, ನಾಲ್ಕೇ ನಾಟಿ ಕೋಳಿಯ ಮನೆ.

ಯುಗಾದಿ ಮರುದಿನದ ಹೊಸತೊಡಕಿಗೆ ಒಳ್ಳೆ ರೇಟು ಬರುತ್ತದೆ ಅಂತ ಹುಂಜಗಳನ್ನು ಉಳಿಸಿಕೊಂಡಿರುತ್ತೀರಿ, ಅಲ್ವಾ? ಚಳಿಗಾಲದಲ್ಲಿ ಗೂಡು ಇಕ್ಕಟ್ಟಾಗುವುದು ಅವುಗಳಿಂದಲೇ. ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಉಳಿದವನ್ನು ಬೇರೆ ಗೂಡಿಗೆ ಹಾಕಿ, ಇಲ್ಲವೇ ಈಗಲೇ ಮಾರಿಬಿಡಿ. ಹೇಂಟೆಗಳ ಬಾಲದ ಬುಡದಲ್ಲಿ ಪುಕ್ಕ ಕಿತ್ತು ಚರ್ಮ ಕಾಣುತ್ತಿದ್ದರೆ, ಬಡಪಾಯಿ ಹೇಂಟೆಯೊಂದು ಮೊಟ್ಟೆ ಬುಟ್ಟಿಯಲ್ಲೇ ಮಲಗುತ್ತಿದ್ದರೆ ಜಾಗ ಸಾಲುತ್ತಿಲ್ಲ ಅಂತಲೇ ಅರ್ಥ.

2. ಕೂರುವ ಕೋಲು

ಕೋಲಿನ ಮೇಲೆ ಒಂದೊಂದು ನಾಟಿ ಕೋಳಿಗೆ 8 ಇಂಚು ಜಾಗ, ಗಿರಿರಾಜನಿಗೆ 10ರಿಂದ 12. ಎರಡು ಕೋಲಿದ್ದರೆ ನಡುವೆ ಒಂದಡಿ, ಗೋಡೆಯಿಂದಲೂ ಒಂದಡಿ. ಎರಡೂ ಒಂದೇ ಎತ್ತರದಲ್ಲಿರಲಿ. ಮೆಟ್ಟಿಲಿನ ಹಾಗೆ ಕಟ್ಟಿದರೆ ಮೇಲಿನ ಕೋಲಿಗಾಗಿ ದಿನಾ ಸಂಜೆ ಜಗಳ. ಎರಡಿಂಚು ದಪ್ಪದ ಸಿಲ್ವರ್ ಓಕ್ ಕೊಂಬೆ ಒಳ್ಳೆಯದು. ಪಿವಿಸಿ ಪೈಪ್ ಬೇಡವೇ ಬೇಡ, ಕಾಲು ಜಾರುತ್ತದೆ. ಗಿರಿರಾಜನಿಗೆ ಒಂದೂವರೆ ಅಡಿಗಿಂತ ಎತ್ತರ ಬೇಡ. ಆ ಭಾರಕ್ಕೆ ಮೇಲಿಂದ ಹಾರಿ ಹಾರಿ ಪಾದ ಬಾತುಕೊಳ್ಳುತ್ತದೆ.

3. ಟಾರ್ಪಾಲ್ ಕಟ್ಟುವುದು

ಎಲ್ಲರೂ ಎಡವುವುದು ಇಲ್ಲೇ. ಸಾಮಾನ್ಯವಾಗಿ ಟಾರ್ಪಾಲನ್ನು ಮೇಲಿನ ತೊಲೆಗೆ ಮೊಳೆ ಹೊಡೆದು ಕೆಳಗೆ ಇಳಿಬಿಡುತ್ತಾರೆ. ಆಗ ಎರಡೇ ದಾರಿ. ಪೂರ್ತಿ ಇಳಿಸಿದರೆ ಉಸಿರುಗಟ್ಟುತ್ತದೆ. ಸ್ವಲ್ಪ ಎತ್ತಿದರೆ ತಣ್ಣನೆ ಗಾಳಿ ನೇರ ಕೋಳಿಯ ಮೈಗೇ ನುಗ್ಗುತ್ತದೆ.

ಉಲ್ಟಾ ಮಾಡಿ. ಟಾರ್ಪಾಲಿನ ಕೆಳ ಅಂಚನ್ನು ನೆಲದ ಹತ್ತಿರ ಗಟ್ಟಿಯಾಗಿ ಬಿಗಿಯಿರಿ. ಮೇಲಿನ ಅಂಚಿಗೆ ಬಿದಿರಿನ ಗಳ ಸುತ್ತಿ, ಅದರ ಎರಡೂ ತುದಿಗೆ ಹಗ್ಗ ಕಟ್ಟಿ, ತೊಲೆಯ ಮೇಲಿಂದ ಹಾಯಿಸಿ. ಸಂಜೆ ಹಗ್ಗ ಎಳೆದರೆ ಪರದೆ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಕೋಲಿನ ಮೇಲೆ ಕೂತ ಕೋಳಿಯ ತಲೆಗಿಂತ ಒಂದು ಗೇಣು ಮೇಲೆ ನಿಲ್ಲಿಸಿ. ಅಲ್ಲಿಂದ ಸೂರಿನವರೆಗೆ ಕಡಿಮೆ ಎಂದರೂ 9 ಇಂಚು ಜಾಲರಿ ತೆರೆದೇ ಇರಬೇಕು. ಕೋಳಿಗಳ ಉಸಿರಿನ ತೇವ, ಹಿಕ್ಕೆಯ ಅಮೋನಿಯಾ ಎರಡೂ ಆ ಸಂದಿಯಿಂದ ಹೊರಗೆ ಹೋಗುತ್ತವೆ.

ಪರದೆ ಬೇಕಿರುವುದು ಮೂಡಣ ಮತ್ತು ಬಡಗಣ ದಿಕ್ಕಿಗೆ. ಉಳಿದೆರಡು ಕಡೆ ಕೆಳಗೆ ಒಂದೂವರೆ ಅಡಿ ಹಲಗೆಯೋ ಗೋಡೆಯೋ ಇದ್ದರೆ ಸಾಕು. ಬೆಳಗಿನ ಬಿಸಿಲು ಬರುವುದೂ ಮೂಡಣದಿಂದಲೇ. ಅದಕ್ಕೇ ಹಗ್ಗದ ಏರ್ಪಾಟು. ಬಿಸಿಲು ಬಿದ್ದ ತಕ್ಷಣ ಪರದೆ ಪೂರ್ತಿ ಇಳಿಸಿ.

ಸರಿಯಾಯಿತೋ ಇಲ್ಲವೋ ಅಂತ ಬೆಳಗ್ಗೆ ಬಾಗಿಲು ತೆರೆಯುವಾಗಲೇ ಗೊತ್ತಾಗುತ್ತದೆ. ಬಗ್ಗಿ, ಕೋಲಿನ ಎತ್ತರಕ್ಕೆ ಮುಖ ಒಯ್ಯಿರಿ. ಕಣ್ಣು ಚುರುಚುರು ಅಂದರೆ ಗಾಳಿ ಸಾಲದು. ನಿಂತುಕೊಂಡು ವಾಸನೆ ಇಲ್ಲ ಅನ್ನಬೇಡಿ, ಕೋಳಿ ಉಸಿರಾಡುವುದು ನಿಮ್ಮ ಮೊಣಕಾಲಿನ ಮಟ್ಟದಲ್ಲಿ. ಆಮೇಲೆ ಸೂರಿನ ತಗಡಿನ ಒಳಮೈ ಸವರಿ. ಅಂಗೈಗೆ ನೀರು ಹತ್ತಿದರೆ ಸಂದಿ ಇನ್ನೂ ಅಗಲ ಮಾಡಿ. ತಗಡಿನ ಮೇಲೆ ತೆಂಗಿನ ಗರಿ ಹೊದಿಸಿದರೆ ಹನಿ ಕಟ್ಟುವುದು ಕಡಿಮೆಯಾಗುತ್ತದೆ. ಗರಿ ಇರುವಲ್ಲಿ ಬಲ್ಬ್ ಮಾತ್ರ ಬೇಡ, ಬೆಂಕಿ ಹತ್ತುತ್ತದೆ. ಬಲ್ಬಿನ ಕಾವು ಬೇಕಾಗುವುದು ಮರಿಗಳಿಗೆ. ಮೊದಲ ವಾರ ಅವಕ್ಕೆ 35 ಡಿಗ್ರಿ ಬೇಕು. ಅವುಗಳ ಜಾಗವೇ ಬೇರೆ ಇರಲಿ.

4. ನೆಲ

ಭತ್ತದ ಹೊಟ್ಟು ಮೂರ್ನಾಲ್ಕು ಇಂಚು ಹರಡಿ, ಎರಡು ದಿನಕ್ಕೊಮ್ಮೆ ಕೆದಕಿ. ಒಂದು ಹಿಡಿ ಹಿಂಡಿ ನೋಡಿ. ಉಂಡೆಯಾಗಿ ನಿಂತರೆ ಒದ್ದೆ, ಉದುರಿದರೆ ಸರಿ. ಒದ್ದೆ ಹೊಟ್ಟಿನ ಮೇಲೆ ಸುಮ್ನೆ ಸುಣ್ಣ ಎರಚುವ ಅಡ್ಡದಾರಿ ಬೇಡ. ಅಮೋನಿಯಾ ಇನ್ನೂ ಜಾಸ್ತಿ ಏಳುತ್ತದೆ. ಒದ್ದೆಯಾದದ್ದನ್ನು ಮೊದಲು ಬಾಚಿ ತೆಗೆಯಿರಿ. ತೆಂಗಿನ ನಾರಿನ ಪುಡಿ ಅಗ್ಗಕ್ಕೆ ಸಿಗುತ್ತದೆ, ಆದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕೋಲಿನ ಕೆಳಗೆ ಹಳೇ ಯೂರಿಯಾ ಚೀಲ ಬಿಚ್ಚಿ ಹಾಸಿ. ರಾತ್ರಿಯ ಹಿಕ್ಕೆ ಅದರ ಮೇಲೇ ಬೀಳುತ್ತದೆ. ಬೆಳಗ್ಗೆ ಎತ್ತಿ ತಿಪ್ಪೆಗೆ ಒದರಿದರೆ ಆಯಿತು.

5. ಉಳಿದದ್ದು

ನಾಲ್ಕೈದು ಹೇಂಟೆಗೆ ಒಂದು ಮೊಟ್ಟೆ ಬುಟ್ಟಿ, ಕೋಲಿಗಿಂತ ಕೆಳಗೆ. ತೆರೆದ ಸಂದಿಗೆಲ್ಲ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ. ಆರು ಮೂಲೆಯ ತೆಳು ಕೋಳಿ ಜಾಲರಿ ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ, ಅಷ್ಟೆ. ಮುಂಗುಸಿ, ಕಾಡುಬೆಕ್ಕು ಒಳಗೆ ಬರುವುದನ್ನು ತಡೆಯುವುದಿಲ್ಲ. ಹಗಲು ಕಡಿಮೆಯಾದ್ದರಿಂದ ಮೊಟ್ಟೆಯೂ ಕಡಿಮೆಯಾಗುತ್ತದೆ. ಅದಕ್ಕೆ ಗೂಡನ್ನು ದೂರಬೇಡಿ. ಮತ್ತು ಸಂಕ್ರಾಂತಿ ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಹೊಸ ಕೋಳಿ ತಂದು ಇದೇ ಗೂಡಿಗೆ ಬಿಡಬೇಡಿ. ತರಲೇಬೇಕಾದರೆ ಎರಡು ಮೂರು ವಾರ ಬೇರೆ ಇಟ್ಟು ನೋಡಿ. ಆಮೇಲೆ ಟೇಪು ತೆಗೆದು ಇನ್ನೊಮ್ಮೆ ಅಳೆಯಿರಿ.