ತಾಯಿ ಇಲಿಯ ಆರೈಕೆಯನ್ನು ಅಳೆಯಲು ಕಲಿತದ್ದು: ನನ್ನ ಅನುಭವ

ಎಳೆತನದ ಒತ್ತಡ ಮಿದುಳನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಪಿಎಚ್‌ಡಿಗೆ ಆಯ್ದುಕೊಂಡಾಗ ನನ್ನ ಗೈಡ್ ಮೊದಲು ಒಪ್ಪಿಸಿದ್ದು ಓದಿನ ಕೆಲಸವನ್ನು. ಈ ವಿಷಯದ ಮೇಲೆ ಬಂದ ಎಲ್ಲವನ್ನೂ ಓದಲು ಹೋದರೆ ಯಾವುದೂ ದಕ್ಕುವುದಿಲ್ಲ, ಒಬ್ಬರೇ ಸಂಶೋಧಕರನ್ನು ಹಿಡಿದು ಅವರ ಪ್ರಬಂಧಗಳನ್ನು ಹಳೆಯದರಿಂದ ಹೊಸದರ ಕಡೆಗೆ ಓದಿಕೊಂಡು ಬನ್ನಿ ಎಂದರು. ನಾನು ಆರಿಸಿಕೊಂಡದ್ದು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದಲ್ಲಿರುವ ಟ್ಯಾಲಿ ಬರಾಮ್ ಅವರನ್ನು. ಅವರ ಹೊಸ ಪ್ರಬಂಧಗಳನ್ನಷ್ಟೇ ಓದಿದ್ದರೆ ಅವರು ಮೂಲತಃ ಮಕ್ಕಳ ನರರೋಗ ತಜ್ಞೆ ಎಂಬುದು ನನ್ನ ಗಮನಕ್ಕೇ ಬರುತ್ತಿರಲಿಲ್ಲ.

ಅವರ ಆರಂಭದ ಪ್ರಬಂಧಗಳು ಒತ್ತಡಕ್ಕಿಂತ ಹೆಚ್ಚಾಗಿ ಶಿಶುಗಳ ಸೆಳವಿನ ಸುತ್ತ ಇವೆ. ಇನ್‌ಫೆಂಟೈಲ್ ಸ್ಪಾಸಮ್ ಎಂಬ ಸೆಳವಿಗೆ ಎಸಿಟಿಎಚ್ ಹಾರ್ಮೋನು ಕೆಲಸ ಮಾಡುತ್ತದೆ ಎಂಬುದು ವೈದ್ಯರಿಗೆ ಮೊದಲೇ ಗೊತ್ತಿತ್ತು. ಆದರೆ ಅದು ಏಕೆ ಕೆಲಸ ಮಾಡುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟ ಬರಾಮ್, ಒತ್ತಡದ ಹಾರ್ಮೋನುಗಳ ಸರಪಳಿಯನ್ನು ಶುರುಮಾಡುವ, ಎಸಿಟಿಎಚ್ ಅನ್ನು ಹೊರಡಿಸುವ ಸಿಆರ್‌ಎಚ್ ಎಂಬ ಪೆಪ್ಟೈಡಿನ (ಪ್ರೋಟೀನಿನಂಥ ಚಿಕ್ಕ ಅಣುವಿನ) ಬಳಿ ಬಂದು ನಿಂತರು. ಎಳೆಯ ಇಲಿಮರಿಯ ಮಿದುಳಿಗೆ ಸಿಆರ್‌ಎಚ್ ಕೊಟ್ಟರೆ ಬಹುಬೇಗ ಸೆಳವು ಬರುತ್ತದೆ ಎಂದು 1991ರಲ್ಲಿ ತೋರಿಸಿದರು. ಅದೇ ಪೆಪ್ಟೈಡನ್ನು ಎಳೆಯ ಮಿದುಳಿಗೆ ಕೊಟ್ಟರೆ ಮುಂದೆ ನೆನಪನ್ನು ರೂಪಿಸುವ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್‌ನ ಕೋಶಗಳು ನಿಧಾನವಾಗಿ ನಶಿಸುತ್ತ ಹೋಗುತ್ತವೆ ಮತ್ತು ನೆನಪಿನ ಶಕ್ತಿ ಕುಂದುತ್ತದೆ, ಇದಕ್ಕೆ ಕಾರ್ಟಿಕೊಸ್ಟೆರಾನ್ ಎಂಬ ಒತ್ತಡದ ಸ್ಟೆರಾಯ್ಡ್ ಹಾರ್ಮೋನು ಏರಬೇಕೆಂದೇನೂ ಇಲ್ಲ ಎಂಬುದು 2001ರ ಪ್ರಬಂಧದ ಸಾರ. ಒತ್ತಡವೆಂದರೆ ಸ್ಟೆರಾಯ್ಡ್ ಹಾರ್ಮೋನು ಎಂದಷ್ಟೇ ಕಲಿತಿದ್ದ ನನಗೆ ಈ ಒಂದು ಮಾತನ್ನು ಅರಗಿಸಿಕೊಳ್ಳಲು ವಾರಗಳೇ ಬೇಕಾದವು.

ಪ್ರಯೋಗಕ್ಕೆ ಬಂದಾಗ ನಾನು ಅವರ ಲ್ಯಾಬಿನಲ್ಲೇ ರೂಪುಗೊಂಡ ವಿಧಾನವನ್ನು ಅನುಸರಿಸಿದೆ. ಮರಿಗಳನ್ನು ದಿನಕ್ಕೆ ಇಷ್ಟು ಗಂಟೆ ಎಂದು ತಾಯಿಯಿಂದ ಅಗಲಿಸುವುದು ಹಳೆಯ, ಹೆಚ್ಚು ಬಳಕೆಯಲ್ಲಿರುವ ಕ್ರಮ. ಬರಾಮ್ ಅವರ ವಿಧಾನದಲ್ಲಿ ತಾಯಿಯೂ ಮರಿಗಳೂ ಒಟ್ಟಿಗೇ ಇರುತ್ತವೆ, ಕಡಿಮೆಯಾಗುವುದು ಗೂಡಿನ ಸಾಮಗ್ರಿ ಮಾತ್ರ. ಮರಿ ಹುಟ್ಟಿದ ಎರಡನೆಯ ದಿನದಿಂದ ಒಂಬತ್ತನೆಯ ದಿನದವರೆಗೆ ಪಂಜರದ ನೆಲದಿಂದ ಸ್ವಲ್ಪ ಎತ್ತರದಲ್ಲಿ ಜಾಲರಿ ಹಾಕಿ, ಗೂಡು ಕಟ್ಟಲು ಅರ್ಧ ಪೇಪರ್ ಟವೆಲ್ ಅಷ್ಟೇ ಕೊಡಲಾಗುತ್ತದೆ. ಬಡತನದಲ್ಲಿ, ಅಸ್ತವ್ಯಸ್ತ ಪರಿಸ್ಥಿತಿಯಲ್ಲಿ ಬೆಳೆಯುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಾಯಿ ಹತ್ತಿರದಲ್ಲೇ ಇರುತ್ತಾಳೆ, ಇಲ್ಲದ್ದು ನೆಮ್ಮದಿ. ಹಾಗಾಗಿ ಈ ಮಾದರಿ ನನಗೆ ಹೆಚ್ಚು ನಿಜವೆನ್ನಿಸಿತು.

ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಸಿಕ್ಕ ಮೇಲೆ ಜಾಲರಿಗಾಗಿ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳನ್ನು ಅಲೆದೆ. ಕಣ್ಣು ದೊಡ್ಡದಾದರೆ ಮರಿಯ ಕಾಲು ಸಿಕ್ಕಿಕೊಳ್ಳುತ್ತದೆ, ಸಣ್ಣದಾದರೆ ಹಿಕ್ಕೆ ಕೆಳಗೆ ಬೀಳುವುದಿಲ್ಲ. ಮೇಲೆ ಪ್ಲಾಸ್ಟಿಕ್ ಲೇಪನವಿದ್ದರೆ ತುದಿಗಳು ಚುಚ್ಚುವುದಿಲ್ಲ. ಹೋಲಿಕೆಯ ಗುಂಪಿಗೆ ನಮ್ಮ ಪ್ರಾಣಿಗೃಹದಲ್ಲಿ ಎಂದಿನಿಂದ ಬಳಸುವ ಭತ್ತದ ಹೊಟ್ಟನ್ನೇ ಧಾರಾಳವಾಗಿ ಹಾಸಿದೆ.

ಮೊದಲ ತಂಡದ ಇಲಿಗಳ ಪ್ರಯೋಗ ಕೆಟ್ಟದ್ದು ನನ್ನ ತಪ್ಪಿನಿಂದ. ಎರಡರಿಂದ ಒಂಬತ್ತನೆಯ ದಿನದವರೆಗೆ ಪಂಜರವನ್ನು ಮುಟ್ಟಬಾರದು ಎಂದು ಬಾಗಿಲಿಗೆ ಇಂಗ್ಲಿಷಿನಲ್ಲಿ ಚೀಟಿ ಅಂಟಿಸಿದ್ದೆ. ಪ್ರಾಣಿಗಳನ್ನು ನೋಡಿಕೊಳ್ಳುವ ಅಣ್ಣನಿಗೆ ಓದಲು ಬರುತ್ತಿದ್ದುದು ಕನ್ನಡ ಮಾತ್ರ, ಅವರು ಐದನೆಯ ದಿನ ವಾಡಿಕೆಯಂತೆ ಪಂಜರ ಬದಲಿಸಿದರು. ಇದು ಸಣ್ಣ ವಿಷಯವಲ್ಲ. ಸಂಶೋಧಕ ಸೀಮೋರ್ ಲೆವಿನ್ 1957ರಷ್ಟು ಹಿಂದೆಯೇ ತೋರಿಸಿದಂತೆ, ಎಳೆಯ ಮರಿಗಳನ್ನು ದಿನವೂ ಸ್ವಲ್ಪ ಹೊತ್ತು ಎತ್ತಿ ಮತ್ತೆ ಗೂಡಿಗೆ ಬಿಟ್ಟರೆ ಅವು ದೊಡ್ಡವಾದಾಗ ಒತ್ತಡವನ್ನು ತಾಳಿಕೊಳ್ಳುವ ರೀತಿಯೇ ಬದಲಾಗುತ್ತದೆ, ಹಿಂತಿರುಗಿದ ಮರಿಗಳನ್ನು ತಾಯಿ ಇನ್ನಷ್ಟು ನೆಕ್ಕುವುದು ಅದಕ್ಕೆ ಒಂದು ಕಾರಣವೆಂದು ಮುಂದಿನ ಸಂಶೋಧನೆಗಳು ಸೂಚಿಸಿದವು. ಅಂದರೆ ನಾನು ಒತ್ತಡ ಕೊಡಲು ಹೊರಟ ಗುಂಪಿಗೆ ನಡುವೆ ಅದರ ವಿರುದ್ಧದ ಅನುಭವವೂ ಸೇರಿಕೊಂಡಿತ್ತು. ಆ ತಂಡವನ್ನು ಲೆಕ್ಕದಿಂದ ಕೈಬಿಟ್ಟು, ಮುಂದಿನ ಸಲ ‘ಒಂಬತ್ತನೆಯ ದಿನದ ತನಕ ಈ ಪಂಜರ ಮುಟ್ಟಬೇಡಿ’ ಎಂದು ಕನ್ನಡದಲ್ಲಿ ದೊಡ್ಡದಾಗಿ ಬರೆದು ಹಾಕಿದೆ.

ಎರಡನೆಯ ತಂಡದಲ್ಲಿ ಎದುರಾದ ತೊಡಕು ಅದಕ್ಕಿಂತ ಆಳವಾದದ್ದು. ತಾಯಿಯ ಆರೈಕೆಯನ್ನು ಅಳೆಯಲು ನಾನು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿಯವರ ತಂಡ ಬಳಸುತ್ತಿದ್ದ ಕ್ರಮವನ್ನು ತಂದುಕೊಂಡಿದ್ದೆ. ಅದರಲ್ಲಿ ದಿನಕ್ಕೆ ಹಲವು ಅವಧಿಗಳಲ್ಲಿ ಕುಳಿತು, ಮೂರು ನಿಮಿಷಕ್ಕೊಮ್ಮೆ ತಾಯಿ ಆ ಕ್ಷಣದಲ್ಲಿ ಏನು ಮಾಡುತ್ತಿದೆ ಎಂದು ಗುರುತು ಹಾಕಿಕೊಳ್ಳಬೇಕು. ಹೆಚ್ಚು ನೆಕ್ಕುವ ಮತ್ತು ಕಡಿಮೆ ನೆಕ್ಕುವ ತಾಯಂದಿರನ್ನು ಬೇರ್ಪಡಿಸಿ, ಮರಿಯ ಹಿಪೊಕ್ಯಾಂಪಸ್‌ನಲ್ಲಿ ಒತ್ತಡದ ಸ್ಟೆರಾಯ್ಡ್ ಹಾರ್ಮೋನನ್ನು ಹಿಡಿಯುವ ಗ್ಲೂಕೊಕಾರ್ಟಿಕಾಯ್ಡ್ ಗ್ರಾಹಕದ ಜೀನಿನ ಮೇಲಿನ ಮೀಥೈಲ್ ಗುರುತುಗಳು (ಜೀನಿನ ಕೆಲಸವನ್ನು ಏರಿಳಿಸುವ ರಾಸಾಯನಿಕ ಗುರುತುಗಳು) ಅದಕ್ಕೆ ತಕ್ಕಂತೆ ಬದಲಾಗುತ್ತವೆ ಎಂದು 2004ರಲ್ಲಿ ತೋರಿಸಿದ ಪ್ರಸಿದ್ಧ ಕೆಲಸದ ಬೆನ್ನೆಲುಬು ಇಂಥ ಎಣಿಕೆಯೇ. ಹತ್ತಾರು ಗಂಟೆ ಕೆಂಪು ದೀಪದಲ್ಲಿ ಕುಳಿತು ಎಣಿಸಿದ ಮೇಲೆ ನನ್ನ ಎರಡು ಗುಂಪುಗಳ ಮೊತ್ತಗಳು ಹೆಚ್ಚುಕಡಿಮೆ ಒಂದೇ ಆಗಿ ಬಂದವು. ಜಾಲರಿಯ ಮೇಲಿದ್ದ ತಾಯಿಯೂ ಅಷ್ಟೇ ನೆಕ್ಕುತ್ತಿತ್ತು, ಅಷ್ಟೇ ಹಾಲೂಡಿಸುತ್ತಿತ್ತು. ಒತ್ತಡವೇ ಉಂಟಾಗಿಲ್ಲವೆಂದು ತೀರ್ಮಾನಿಸಿ ಗೈಡ್‌ಗೆ ಹಾಗೆಯೇ ವರದಿ ಕೊಟ್ಟೆ.

ಅವರು ಮರುಮಾತಾಡದೆ, ಬರಾಮ್ ತಂಡದ 2008ರ ಮತ್ತು 2016ರ ಪ್ರಬಂಧಗಳ ವಿಧಾನ ಭಾಗವನ್ನು ಮತ್ತೆ ಓದಲು ಹೇಳಿದರು. ನಾನು ಅವುಗಳಲ್ಲಿ ಫಲಿತಾಂಶದ ಚಿತ್ರಗಳನ್ನು ನೋಡಿ ಮುಂದೆ ಹೋಗಿದ್ದೆ. ಸಾಮಗ್ರಿ ಕಡಿಮೆಯಿರುವ ತಾಯಿಯ ವರ್ತನೆ ಚೂರುಚೂರಾಗುತ್ತದೆ ಎಂದು 2008ರಲ್ಲೇ ಹೇಳಿತ್ತು. ಆರೈಕೆಯ ಪ್ರಮಾಣ ಎರಡೂ ಗುಂಪುಗಳಲ್ಲಿ ಹೋಲುವಂತಿದ್ದರೂ ಅದರ ಕ್ರಮ ಊಹೆಗೆ ಸಿಗದಂತಾಗುತ್ತದೆ, ದೊಡ್ಡವಾದ ಮರಿಗಳ ಸ್ಥಿತಿಗೆ ಸಂಬಂಧ ಕಂಡದ್ದು ಈ ಕ್ರಮಗೇಡಿಗೆ ಎಂದು 2016ರ ಪ್ರಬಂಧ ಇನ್ನೂ ಬಿಡಿಸಿ ಹೇಳಿತ್ತು. ಅಂಥ ಇಲಿಗಳಲ್ಲಿ ಸಕ್ಕರೆ ನೀರಿನ ಮೇಲಿನ ಒಲವೂ ಜೊತೆಗಾರರೊಂದಿಗಿನ ಆಟವೂ ಕಡಿಮೆಯಾಗಿದ್ದವು, ಅಂದರೆ ಸುಖವನ್ನು ಸುಖವೆಂದು ಅನುಭವಿಸುವ ಶಕ್ತಿಯೇ ಕುಗ್ಗಿತ್ತು.

ಮೂರು ನಿಮಿಷಕ್ಕೊಂದು ಗುರುತು ಹಾಕುವವನಿಗೆ ಆ ಮೂರು ನಿಮಿಷಗಳ ನಡುವೆ ನಡೆದದ್ದು ಕಾಣುವುದಿಲ್ಲ. ತಾಯಿ ಹಾಲೂಡಿಸಲು ಕುಳಿತು, ನಡುವೆಯೇ ಎದ್ದು, ಒಂದು ಮರಿಯನ್ನು ಕಚ್ಚಿಕೊಂಡು ಹೋಗಿ, ಟವೆಲಿನ ಚೂರನ್ನು ಎಳೆದು, ಮತ್ತೆ ಬಂದು ಕುಳಿತಿದ್ದರೂ ನನ್ನ ಹಾಳೆಯಲ್ಲಿ ಎರಡು ಸಲವೂ ‘ಹಾಲೂಡಿಸುತ್ತಿದೆ’ ಎಂದೇ ಇರುತ್ತಿತ್ತು. ಮೀನಿಯವರ ಪ್ರಶ್ನೆಗೆ ಆ ಅಳತೆ ಸರಿಯಾಗಿತ್ತು, ನನ್ನ ಪ್ರಶ್ನೆಗೆ ಅದು ಕುರುಡಾಗಿತ್ತು.

ಪುಣ್ಯಕ್ಕೆ ಎಲ್ಲ ಅವಧಿಗಳನ್ನೂ ವಿಡಿಯೊ ಮಾಡಿಟ್ಟಿದ್ದೆ. ನೆಕ್ಕುವುದು, ಹಾಲೂಡಿಸುವುದು, ಮರಿಯನ್ನು ಹೊತ್ತೊಯ್ಯುವುದು, ಗೂಡು ಸರಿಪಡಿಸುವುದು, ತಿನ್ನುವುದು, ತನ್ನ ಮೈ ತೀಡಿಕೊಳ್ಳುವುದು, ಗೂಡು ಬಿಟ್ಟು ದೂರವಿರುವುದು ಎಂದು ಏಳು ವರ್ತನೆಗಳನ್ನು ಇಟ್ಟುಕೊಂಡು ಪ್ರತಿಯೊಂದರ ಆರಂಭವನ್ನೂ ಕೊನೆಯನ್ನೂ ಸೆಕೆಂಡಿನ ಲೆಕ್ಕದಲ್ಲಿ ಬರೆದೆ. ಆಮೇಲೆ ಒಂದು ವರ್ತನೆಯ ಬೆನ್ನಿಗೆ ಇನ್ನೊಂದು ಎಷ್ಟು ಸಲ ಬಂದಿದೆ ಎಂಬ ಕೋಷ್ಟಕ ಮಾಡಿ, ಅದರಿಂದ ಎಂಟ್ರೊಪಿಯನ್ನು ಲೆಕ್ಕಹಾಕಿದೆ. ಈಗಿನ ವರ್ತನೆಯನ್ನು ನೋಡಿ ಮುಂದಿನದನ್ನು ನಿಖರವಾಗಿ ಹೇಳಬಹುದಾದರೆ ಎಂಟ್ರೊಪಿ ಸೊನ್ನೆ, ಏನು ಬರುತ್ತದೋ ತಿಳಿಯದಿದ್ದಷ್ಟೂ ಅದು ಏರುತ್ತದೆ. ಒಂದು ಗಂಟೆಯ ವಿಡಿಯೊಗೆ ಹೆಚ್ಚುಕಡಿಮೆ ಮೂರು ಗಂಟೆಯ ಕೆಲಸ ಹಿಡಿಯಿತು. ಲೆಕ್ಕ ಮುಗಿಸುವ ಮೊದಲೇ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು: ಹೊಟ್ಟಿನ ಮೇಲಿನ ತಾಯಿಗೆ ಒಂದು ಸಾಲು ಸಾಕಾದ ಹೊತ್ತಿನಲ್ಲಿ ಜಾಲರಿಯ ಮೇಲಿನ ತಾಯಿಗೆ ಅರ್ಧ ಪುಟ ಬೇಕಾಗುತ್ತಿತ್ತು. ಎಂಟ್ರೊಪಿಯ ಅಂಕಿಯೂ ಅದನ್ನೇ ಹೇಳಿತು.

ಇದೇ ಲೆಕ್ಕವನ್ನು ಅರ್ವೈನ್ ತಂಡ ಮನುಷ್ಯರಿಗೂ ಒಯ್ದಿದೆ. 2017ರ ಪ್ರಬಂಧದಲ್ಲಿ ತಾಯಿ ಮಗುವಿನೊಂದಿಗೆ ಆಡುವಾಗ ಕಣ್ಣಿಗೆ, ಕಿವಿಗೆ, ಮೈಗೆ ಕೊಡುವ ಸಂಕೇತಗಳ ಕ್ರಮವನ್ನು ಅಳೆದು, ಅದು ಊಹೆಗೆ ಸಿಗದಷ್ಟೂ ಮಗುವಿನ ಬೌದ್ಧಿಕ ಬೆಳವಣಿಗೆ ಹಿಂದುಳಿಯುವ ಸಂಬಂಧವನ್ನು ತೋರಿಸಿದರು. ಇದನ್ನು ಓದಿದ ನನ್ನ ಅಕ್ಕ ಫೋನಿನಲ್ಲಿ ‘ಹಾಗಾದ್ರೆ ಇದಕ್ಕೂ ಅಮ್ಮಂದಿರದ್ದೇ ತಪ್ಪಾ?’ ಎಂದು ಕೇಳಿದಳು. ನನ್ನ ಪಂಜರದ ತಾಯಿ ಇಲಿಯಲ್ಲಿ ಯಾವ ದೋಷವೂ ಇರಲಿಲ್ಲ, ಅದರ ಹಾಸನ್ನು ಕಿತ್ತುಕೊಂಡವನು ನಾನು ಎಂದು ಅವಳಿಗೆ ಹೇಳಿದೆ.

ಬರಾಮ್ ಅವರ ಸಾಲಿನಲ್ಲಿ ನನ್ನ ಪಿಎಚ್‌ಡಿಯ ವೇಳಾಪಟ್ಟಿಯನ್ನೇ ತಲೆಕೆಳಗು ಮಾಡಿದ್ದು 2005ರ ಪ್ರಬಂಧ. ಎಳೆತನದ ಆ ಒಂದು ವಾರವನ್ನು ಜಾಲರಿಯ ಮೇಲೆ ಕಳೆದ ಇಲಿಗಳ ನೆನಪು ಯೌವನದಲ್ಲಿ ಸರಿಯಾಗಿಯೇ ಇದ್ದು, ನಡುವಯಸ್ಸಿಗೆ ಬಂದಾಗ ಕುಸಿಯುತ್ತದೆ. ಒತ್ತಡದ ವಾರ ಮುಗಿದ ಕೂಡಲೇ ಸಿಆರ್‌ಎಚ್‌ನ ಗ್ರಾಹಕವನ್ನು ತಡೆದರೆ ಮುಂದಿನ ಹಾನಿ ತಪ್ಪುತ್ತದೆ ಎಂದು ತೋರಿಸಿದ 2010ರ ಕೆಲಸ ನಿಂತಿರುವುದೂ ಈ ತಡವಾದ ಕುಸಿತದ ಮೇಲೆಯೇ. ಬೆಂಗಳೂರಿನಿಂದ ಬಂದ ಹೆಸರಾಂತ ಕೆಲಸವನ್ನು, ಅಂದರೆ ದೀರ್ಘ ಒತ್ತಡದಲ್ಲಿ ಹಿಪೊಕ್ಯಾಂಪಸ್‌ನ ನರಕೋಶದ ಕವಲುಗಳು ಕುಗ್ಗಿದರೆ ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾ ಎಂಬ ಮಿದುಳಿನ ಭಾಗದಲ್ಲಿ ಅವು ಬೆಳೆಯುತ್ತವೆ ಎಂದು ಸುಮಂತ್ರ ಚಟರ್ಜಿಯವರ ತಂಡ 2002ರಲ್ಲಿ ತೋರಿಸಿದ್ದನ್ನು, ಮನಸ್ಸಿನಲ್ಲಿಟ್ಟುಕೊಂಡು ನಾನು ಎಲ್ಲವನ್ನೂ ಕೆಲವೇ ವಾರಗಳಲ್ಲಿ ನೋಡಿಬಿಡಬಹುದು ಎಂದುಕೊಂಡಿದ್ದೆ. ಅದು ಬೆಳೆದ ಇಲಿಗಳ ಕಥೆ. ಎಳೆತನದ ಒತ್ತಡದ ಕಥೆಗೆ ವರ್ಷಗಟ್ಟಲೆ ಇಲಿ ಸಾಕಬೇಕು, ಆ ಖರ್ಚಿಗೆ ಫೆಲೋಶಿಪ್ಪಿನ ಆಚೆಗೆ ದಾರಿ ಹುಡುಕಬೇಕು. ಒಟ್ಟು ಇಲಿಗಳ ಅರ್ಧಭಾಗವನ್ನು ನಾಲ್ಕನೆಯ ತಿಂಗಳಲ್ಲಿ ಪರೀಕ್ಷಿಸಿ, ಉಳಿದರ್ಧವನ್ನು ಹನ್ನೆರಡನೆಯ ತಿಂಗಳಿಗೆಂದು ಕಾಯ್ದಿರಿಸಿದ್ದೇನೆ.

ಆ ಪರೀಕ್ಷೆಗೆ ಇನ್ನು ಆರು ವಾರವಿದೆ. ಇಲಿಗಳು ದಪ್ಪಗಾಗಿವೆ, ನೋಡಲು ಎರಡೂ ಗುಂಪು ಒಂದೇ ತರಹ ಇವೆ. ಕಿವಿಯ ಗುರುತಿನ ಸಂಖ್ಯೆ ಯಾವ ಗುಂಪಿನದು ಎಂದು ತಿಳಿಸುವ ಪಟ್ಟಿಯನ್ನು ಗೈಡ್ ತಮ್ಮ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ.