ಆಷಾಢದ ಗಾಳಿಗೆ ಟೊಮೆಟೊ ಸಸಿಯನ್ನು ಗಟ್ಟಿ ಮಾಡುವುದು ಹೇಗೆ?

ನೆರಳು ಪರದೆಯಡಿ 25 ದಿನ ಬೆಳೆದ ಟೊಮೆಟೊ ಸಸಿಯನ್ನು ಬೆಳಿಗ್ಗೆ ನರ್ಸರಿಯಿಂದ ತಂದು ಸಂಜೆಯೊಳಗೆ ನಾಟಿ ಮುಗಿಸುವವರನ್ನು ಶ್ರೀನಿವಾಸಪುರ, ಮುಳಬಾಗಿಲು ಕಡೆ ಪ್ರತಿ ಆಷಾಢದಲ್ಲೂ ನೋಡುತ್ತೇನೆ. ಮೋಡ ಕವಿದಿದೆ, ಸಸಿ ಬಾಡುವುದಿಲ್ಲ ಎಂಬ ಧೈರ್ಯ ಅವರದು. ನಾಲ್ಕನೆಯ ದಿನ ಹೊಲಕ್ಕೆ ಹೋದರೆ ಸಾಲಿಗೆ ಸಾಲೇ ಪೂರ್ವಕ್ಕೆ ತಲೆಯಿಟ್ಟು ಮಲಗಿರುತ್ತದೆ. ಬಗ್ಗಿ ನೋಡಿ: ಕಾಂಡ ಮಣ್ಣು ಮುಟ್ಟುವ ಜಾಗದಲ್ಲಿ ಗಾಳಿಗೆ ತಿರುಚಿ, ಸಿಪ್ಪೆ ಸವೆದು, ದಾರದಂತಾಗಿರುತ್ತದೆ. ಮಬ್ಬಿನಲ್ಲಿ ಬೆಳೆದ ಸಸಿ ಉದ್ದ, ಮೆದು. ಅದನ್ನು ಹದಗೊಳಿಸುವ ಕೆಲಸ ಬೇಸಿಗೆಗಿಂತ ಮಳೆಗಾಲದಲ್ಲೇ ಹೆಚ್ಚು ಬೇಕು.

ನಾಟಿಗೆ 8 ದಿನ ಮೊದಲೇ ಸಸಿ ತಂದುಕೊಳ್ಳಿ. ಅಂದಿನಿಂದ ಯೂರಿಯಾ, 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ ಗೊಬ್ಬರ) ಎಲ್ಲವೂ ಬಂದ್. ‘ಸಸಿ ಗಟ್ಟಿ ಮಾಡುವ ಟಾನಿಕ್’ ಎಂದು ಮಾರುವ, ಒಳಗೇನಿದೆ ಎಂದು ಬರೆಯದ ಬಾಟಲಿಗಳನ್ನು ಕೊಳ್ಳಬೇಡಿ. ಒಮ್ಮೆ ಸಿಂಪಡಿಸಿದ್ದಕ್ಕೆ ನನ್ನ ಸಸಿಗಳು ಎರಡೇ ದಿನದಲ್ಲಿ ಇನ್ನಷ್ಟು ಚಿಗುರಿ ಮೆದುವಾದವು.

ಸಸಿಯ ಟ್ರೇಗಳನ್ನು ಇಟ್ಟಿಗೆಯ ಮೇಲಿಡಿ. ನೆಲಕ್ಕೆ ತಾಗಿದರೆ ನೀರು ಬಸಿಯುವುದಿಲ್ಲ.

ಇನ್ನು ಎಲ್ಲರೂ ಎಡವುವ ಹಂತ. ಸಸಿಗೆ ಗಾಳಿ ಬೇಕು, ಮಳೆ ಬೇಡ. ಕಾಂಡ ಅಲುಗಾಡಿದಷ್ಟೂ ಬುಡ ದಪ್ಪವಾಗುತ್ತದೆ. ಟ್ರೇಯಲ್ಲಿ ತುಂಬಿದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸದಾ ಒದ್ದೆಯಾಗಿದ್ದರೆ ಬುಡವೇ ಕೊಳೆಯುತ್ತದೆ. ಆದ್ದರಿಂದ ನಾಲ್ಕು ಸರ್ವೆ ಕಡ್ಡಿ ನೆಟ್ಟು, ನಾಲ್ಕೈದು ಅಡಿ ಎತ್ತರದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಇಳಿಜಾರಾಗಿ ಕಟ್ಟಿ. ಮೂರು ಪಕ್ಕ ತೆರೆದಿರಲಿ. ಗಾಳಿ ಬರುವ ಪಡುವಣ ಪಕ್ಕಕ್ಕೆ ಮಾತ್ರ ನೆರಳು ಪರದೆ ಅಥವಾ ಹಳೆಯ ಸೀರೆ. ಅಲ್ಲಿ ಟಾರ್ಪಾಲು ಕಟ್ಟಲೇಬೇಡಿ: ಗಾಳಿ ಅದರ ಮೇಲೇರಿ, ಆಚೆ ಸುಳಿಯಾಗಿ ಸಸಿಗಳ ನೆತ್ತಿಯ ಮೇಲೆಯೇ ಬೀಳುತ್ತದೆ. ತೂತುಗಳಿರುವ ಪರದೆ ಗಾಳಿಯ ರಭಸವನ್ನಷ್ಟೇ ಮುರಿಯುತ್ತದೆ.

ಮೊದಲೆರಡು ದಿನ ಬೆಳಿಗ್ಗೆ ಎರಡು ಗಂಟೆ ಆ ಪರದೆಯನ್ನು ಎತ್ತಿಡಿ. ಮೂರು, ನಾಲ್ಕನೆಯ ದಿನ ಅರ್ಧ ದಿನ. ಐದನೆಯ ದಿನದಿಂದ ಹಗಲೆಲ್ಲ, ಕೊನೆಯ ಎರಡು ದಿನ ರಾತ್ರಿಯೂ. ಎಲೆಯ ಅಂಚು ಸುರುಟಿದರೆ ಒಂದು ದಿನ ಹಿಂದಕ್ಕೆ ಹೋಗಿ. ಮೋಡ ಸರಿದು ಫಕ್ಕನೆ ಬಿಸಿಲು ಬಿದ್ದರೆ ಎಲೆ ಬೆಳ್ಳಗೆ ಸುಡುತ್ತದೆ. ಮೊದಲ ನಾಲ್ಕು ದಿನ, 11ರಿಂದ 3 ಗಂಟೆಯವರೆಗೆ ನೆತ್ತಿಗೆ ನೆರಳು ಪರದೆ ಕೈಗೆಟುಕುವಂತಿರಲಿ.

ನೀರಿನ ಲೆಕ್ಕ ಕಣ್ಣಿಗೆ ತಿಳಿಯುವುದಿಲ್ಲ, ಕೈಗೆ ತಿಳಿಯುತ್ತದೆ. ಬೆಳಿಗ್ಗೆ ಟ್ರೇ ಎತ್ತಿ ನೋಡಿ. ಹಗುರವಾಗಿದ್ದರೆ ನೀರು ಕೊಡಿ, ಭಾರವಿದ್ದರೆ ಮುಟ್ಟಬೇಡಿ. ಸಂಜೆ ನೀರು ಬೇಡವೇ ಬೇಡ. ಬೇಗ ಗಟ್ಟಿಯಾಗಲಿ ಎಂದು ಸಸಿ ಪೂರಾ ಬಾಡುವವರೆಗೆ ಒಣಗಿಸುವುದು ಅಡ್ಡದಾರಿ. ಹಾಗೆ ನರಳಿದ ಸಸಿ ಹೊಲದಲ್ಲೂ ಬೇಗ ಚೇತರಿಸಿಕೊಳ್ಳುವುದಿಲ್ಲ. ಬುಡ ಕೊಳೆಯುವ ಸೂಚನೆ ಕಂಡರೆ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕ ಬೆರೆಸಿ ಬುಡ ನೆನೆಸಿ.

ಎಂಟನೆಯ ದಿನ ಸಸಿಯ ತುದಿಯನ್ನು ಬೆರಳಿನಿಂದ ಮೆಲ್ಲಗೆ ಬಾಗಿಸಿ ಬಿಡಿ. ಪುಟಿದು ನಿಂತರೆ, ಎಲೆ ಕಡುಹಸಿರಾಗಿ ಕಾಂಡಕ್ಕೆ ತುಸು ನೇರಳೆ ಛಾಯೆ ಬಂದಿದ್ದರೆ ನಾಟಿಗೆ ಸಿದ್ಧ. ಇನ್ನೂ ವಾರ ಟ್ರೇಯಲ್ಲೇ ಉಳಿಸಿಕೊಂಡರೆ ಸಸಿ ಗಿಡ್ಡಾಗುತ್ತದೆ.

ಸಂಜೆ, ಏರು ಮಡಿಯಲ್ಲಿ, ಬೀಜದೆಲೆಯ (ಮೊಳಕೆಯಲ್ಲಿ ಮೊದಲು ಬರುವ ಜೋಡಿ ಎಲೆ) ಮಟ್ಟಕ್ಕೆ ಮಣ್ಣು ಬರುವಂತೆ ನೆಡಿ. ಸತ್ತ ಸಸಿಗಳ ಜಾಗಕ್ಕೆ ಮರುನಾಟಿಗೆಂದು ಒಂದು ಟ್ರೇ ಸಸಿಯನ್ನು ಅದೇ ಚಪ್ಪರದಡಿ ಉಳಿಸಿಕೊಳ್ಳಿ.